ದೊಡ್ಡ ಚೌಕಟ್ಟಿನ ರಿವಾಲ್ವರ್: ಕೊಳ್ಳುವಾಗ, ಕೊಂಡ ಮೇಲೆ

ದೊಡ್ಡ ಚೌಕಟ್ಟಿನ ರಿವಾಲ್ವರ್ ಕೊಳ್ಳುವವರಲ್ಲಿ ಬಹಳ ಮಂದಿ ಅದರ ಹೊಡೆತದ ಬಲಕ್ಕೆ ಮರುಳಾಗಿ ಕೊಳ್ಳುತ್ತಾರೆ. 1971ರಲ್ಲಿ ‘ಡರ್ಟಿ ಹ್ಯಾರಿ’ ಬಂದಾಗ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿದ್ದ ಸ್ಮಿತ್ ಅಂಡ್ ವೆಸನ್ ಮಾಡೆಲ್ 29 ಅಮೆರಿಕದ ಅಂಗಡಿಗಳಲ್ಲಿ ಸಿಗದ ಹಾಗಾಯಿತು. ಅದರ .44 ಮ್ಯಾಗ್ನಮ್ ತೋಟಾದ ಬಲವನ್ನು ಆ ಸಿನಿಮಾ ಅಷ್ಟು ಕೊಂಡಾಡಿತ್ತು. ಆದರೆ 1973ರ ಮುಂದಿನ ಭಾಗ ‘ಮ್ಯಾಗ್ನಮ್ ಫೋರ್ಸ್‌’ನಲ್ಲಿ ಈಸ್ಟ್‌ವುಡ್ ನಟಿಸಿದ ಅದೇ ಪೊಲೀಸ್ ಅಧಿಕಾರಿ, ತಾನು ತುಂಬುವುದು ಮೆದು ತೋಟಾ, ಹಾಗಿದ್ದರೇ ಆಯುಧ ಕೈಯ ಹತೋಟಿಯಲ್ಲಿರುತ್ತದೆ ಎನ್ನುತ್ತಾನೆ. ಆ ಮಾತನ್ನು ನೆನಪಿಟ್ಟುಕೊಂಡವರು ಕಡಿಮೆ. ಕೊಳ್ಳುವವರಿಗೆ ಬೇಕಾದ ಮಾತು ಅದೇ.

ಗುಂಡು ಮುಂದಕ್ಕೆ ಚಿಮ್ಮಿದಾಗ ಆಯುಧ ಹಿಂದಕ್ಕೆ ಒದೆಯುತ್ತದೆ. ತೆಪ್ಪದಿಂದ ದಡಕ್ಕೆ ಜಿಗಿದರೆ ತೆಪ್ಪ ಹಿಂದೆ ಸರಿಯುವ ಹಾಗೆ. ತೆಪ್ಪ ದೊಡ್ಡದಾದಷ್ಟೂ ಸರಿಯುವುದು ಕಡಿಮೆ. 4 ಇಂಚು ನಳಿಗೆಯ ಉಕ್ಕಿನ ಮಾಡೆಲ್ 629 ಸುಮಾರು 1.2 ಕಿಲೋ ತೂಗುತ್ತದೆ. ಅದೇ .44 ಮ್ಯಾಗ್ನಮ್ ತುಂಬುವ, ಸ್ಕ್ಯಾಂಡಿಯಂ ಮಿಶ್ರಲೋಹದ ಚೌಕಟ್ಟು ಮತ್ತು ಟೈಟೇನಿಯಂ ಸಿಲಿಂಡರಿನ ಮಾಡೆಲ್ 329 ಬರೀ 700 ಗ್ರಾಂ ಆಸುಪಾಸು. ಎರಡನ್ನೂ ಹೊಡೆದು ನೋಡಿದವರು ಎರಡನೆಯದನ್ನು ಮತ್ತೆ ಕೈಗೆತ್ತಿಕೊಳ್ಳಲು ಹಿಂಜರಿಯುತ್ತಾರೆ. ಭಾರವಾದ ಚೌಕಟ್ಟನ್ನು ಕೊಳ್ಳಿ, ಅದರಲ್ಲಿ ಸೌಮ್ಯವಾದ ತೋಟಾ ತುಂಬಿ, ಉಳಿದ ದುಡ್ಡನ್ನು ಕೈಗೂ ಕಣ್ಣಿಗೂ ತಾಗುವ ಭಾಗಗಳಿಗೆ ಖರ್ಚು ಮಾಡಿ ಎನ್ನುವುದು ನನ್ನ ನಿಲುವು.

ಸ್ಮಿತ್ ಅಂಡ್ ವೆಸನ್ ತನ್ನ ಚೌಕಟ್ಟುಗಳಿಗೆ ಅಕ್ಷರಗಳ ಹೆಸರಿಟ್ಟಿದೆ. ಜೇ ಎಂದರೆ ಜೇಬಿನಲ್ಲಿ ಹಿಡಿಸುವ ಐದು ಗುಂಡಿನದು. ಕೆ ಎಂದರೆ 1899ರಿಂದ ಬಂದ, ಮುಂದೆ ಪೊಲೀಸರ ಸೊಂಟದಲ್ಲಿ ದಶಕಗಳ ಕಾಲ ಇದ್ದ ಮಧ್ಯಮ ಗಾತ್ರ. ಅದರಲ್ಲಿ .357 ಮ್ಯಾಗ್ನಮ್ ಸತತವಾಗಿ ಹೊಡೆದಾಗ ನಳಿಗೆಯ ಹಿಂದಿನ ಬಾಯಿ ಬಿರುಕು ಬಿಡತೊಡಗಿದ್ದರಿಂದ 1980ರಲ್ಲಿ ಕೊಂಚ ದಪ್ಪನೆಯ ಎಲ್ ಚೌಕಟ್ಟು ಬಂತು. ಎನ್ ಚೌಕಟ್ಟು 1908ರದು, .44 ಸ್ಪೆಷಲ್ ತೋಟಾಕ್ಕೆಂದು ಹುಟ್ಟಿದ್ದು. ನಾನಿಲ್ಲಿ ದೊಡ್ಡ ಚೌಕಟ್ಟು ಎನ್ನುವುದು ಇದನ್ನೇ. 2003ರ ಎಕ್ಸ್ ಇನ್ನೂ ದೊಡ್ಡದು, ಅದು ಬೇಟೆಯವರ ಸಾಮಾನು. ಬೇರೆ ಕಂಪನಿಗಳಲ್ಲಿ ಎನ್‌ಗೆ ಸಮನಾಗಿ ನಿಲ್ಲುವವು 1979ರ ರೂಗರ್ ರೆಡ್‌ಹಾಕ್, ಮತ್ತು 1990ರಲ್ಲಿ ಬಂದು ನಿಂತು 2021ರಲ್ಲಿ ಮತ್ತೆ ತಯಾರಾದ ಕೋಲ್ಟ್ ಅನಕೊಂಡ.

ಇಷ್ಟು ದೊಡ್ಡ ಆಯುಧವನ್ನು ಸೊಂಟದಲ್ಲಿ ಮರೆಮಾಡಿಕೊಂಡು ದಿನವಿಡೀ ಓಡಾಡುವುದು ಆಗದ ಮಾತು. ಮನೆಯಲ್ಲಿಡಲು, ಅಲಾಸ್ಕಾ ಮೊಂಟಾನಗಳ ಕಾಡುದಾರಿಯಲ್ಲಿ ಕರಡಿಯ ಭಯಕ್ಕೆ ಜೊತೆಗೊಯ್ಯಲು ಇದು ಸರಿ. ಗುಂಡುಗಳೂ ಆರೇ, ಹೆಚ್ಚೆಂದರೆ ಮಾಡೆಲ್ 627ರಂಥದ್ದರಲ್ಲಿ ಎಂಟು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಎಫ್‌ಬಿಐನವರು ಇಬ್ಬರು ದರೋಡೆಕೋರರ ಎದುರು ತಮ್ಮ ಇಬ್ಬರನ್ನು ಕಳೆದುಕೊಂಡ ಮೇಲೆ ಅಮೆರಿಕದ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿನತ್ತ ಹೊರಳುವುದು ಬಿರುಸಾಯಿತು. ರಿವಾಲ್ವರಿಗೆ ಉಳಿದ ಮೇಲುಗೈ ಎಂದರೆ, ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ನಡುರಾತ್ರಿ ಎದ್ದು ಕಣ್ಣುಜ್ಜಿಕೊಳ್ಳುವವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಇನ್ನು ತೋಟಾ. .44 ಮ್ಯಾಗ್ನಮ್ ಸುಮಾರು 15.5 ಗ್ರಾಂ ಗುಂಡನ್ನು ಸೆಕೆಂಡಿಗೆ 400 ಮೀಟರಿಗೂ ಹೆಚ್ಚು ವೇಗದಲ್ಲಿ ಎಸೆಯುತ್ತದೆ. ಅದರ ಅಣ್ಣ .44 ಸ್ಪೆಷಲ್ ಅಷ್ಟೇ ಭಾರದ ಗುಂಡನ್ನು ಸುಮಾರು 230 ಮೀಟರ್ ವೇಗದಲ್ಲಿ ಎಸೆಯುತ್ತದೆ. ಇದನ್ನು ಮ್ಯಾಗ್ನಮ್ ರಿವಾಲ್ವರಿನಲ್ಲೇ ಹಾಕಿ ಹೊಡೆಯಬಹುದು. ಚಿಪ್ಪು ಕೊಂಚ ಗಿಡ್ಡ, ಅಷ್ಟೇ ವ್ಯತ್ಯಾಸ. ಇಡಾಹೋದ ಸಾಹಸಿ ಬರಹಗಾರ ಎಲ್ಮರ್ ಕೀತ್ ಇದೇ ಸ್ಪೆಷಲ್‌ಗೆ ಮದ್ದು ಹೆಚ್ಚಿಸುತ್ತಾ ಹೋಗಿ ಕಂಪನಿಗಳ ಬೆನ್ನು ಬಿದ್ದದ್ದರಿಂದಲೇ 1950ರ ದಶಕದ ನಡುವಿನಲ್ಲಿ ಮ್ಯಾಗ್ನಮ್ ಹುಟ್ಟಿತು. ಮನೆಯೊಳಗಿನ ರಕ್ಷಣೆಗೆ ಕೀತ್‌ನ ದಾರಿಯಲ್ಲಿ ಹೋಗಬೇಕಿಲ್ಲ. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆಯದು. ಮ್ಯಾಗ್ನಮ್ ಗುಂಡು ಅದನ್ನು ದಾಟಿ ಮಗು ಮಲಗಿರುವ ಕೋಣೆಗೆ ಹೋಗಬಲ್ಲದು. ಮೆದು ತೋಟಾವೂ ಆ ಗೋಡೆಯನ್ನು ದಾಟುತ್ತದೆ, ಆದರೆ ಅದನ್ನು ಗುರಿಗೆ ತಾಗಿಸುವುದು ಸುಲಭ. ತಾಗಿದ ಗುಂಡು ಗೋಡೆಯತ್ತ ಹೋಗುವ ಸಂಭವವೂ ಕಡಿಮೆ. ಸದ್ದಿನ ವಿಷಯವೂ ಇದೆ. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಯಾವ ಕೈಬಂದೂಕಿನ ಸದ್ದೂ ಇದನ್ನು ಮೀರುತ್ತದೆ, ಮ್ಯಾಗ್ನಮ್ 160ರ ಆಚೆಗೆ ಹೋಗುತ್ತದೆ.

.45 ಎಸಿಪಿ ಹೊಡೆಯುವ ಮಾಡೆಲ್ 625 ನನ್ನ ಮಟ್ಟಿಗೆ ಈ ಗುಂಪಿನಲ್ಲೇ ಬುದ್ಧಿವಂತ ಆಯ್ಕೆ. ಮೂಲತಃ .45 ಎಸಿಪಿ ಪಿಸ್ತೂಲಿನ ತೋಟಾ, ಹಿಂಭಾಗದಲ್ಲಿ ಹೊರಚಾಚಿದ ಅಂಚಿಲ್ಲ. ಹಾಗಾಗಿ ಆರು ತೋಟಾಗಳನ್ನು ಚಂದ್ರಾಕಾರದ ತೆಳು ಉಕ್ಕಿನ ಬಿಲ್ಲೆಗೆ ಸಿಕ್ಕಿಸಿ ಒಟ್ಟಿಗೇ ತುಂಬುತ್ತಾರೆ. ಮೊದಲ ಮಹಾಯುದ್ಧದಲ್ಲಿ ಪಿಸ್ತೂಲುಗಳು ಸಾಲದೆ ಬಂದಾಗ ಸೇನೆಗೆಂದು ಮಾಡಿದ ಮಾಡೆಲ್ 1917ಕ್ಕೆ ಕಂಡುಹಿಡಿದ ಉಪಾಯವಿದು. ಆಗ ಮೂರು ಮೂರರ ಅರ್ಧಚಂದ್ರ, ಈಗ ಪೂರ್ಣಚಂದ್ರ. 1999ರಲ್ಲಿ ಶೂಟಿಂಗ್ ಸ್ಪರ್ಧಿ ಜೆರ್ರಿ ಮಿಕುಲೆಕ್ ಇಂಥ 625ರಲ್ಲಿ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದು ಮುಗಿಸಿದ್ದು 2.99 ಸೆಕೆಂಡಿನಲ್ಲಿ.

ದುಡ್ಡು ತೆರುವ ಮೊದಲು ಕಾನೂನು. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಗಮನವಿಟ್ಟು ಓದಬೇಕು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಒಂದೇ ಒಂದು ತೋಟಾವನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಸಾಮಾನ್ಯವಾಗಿ ಫೆಡರಲ್ ನಿಷೇಧವಿದೆ. ಅಧಿಕೃತ ಬೇಟೆ ಪರವಾನಗಿ ಇರುವವರಿಗೆ ಅನ್ವಯಿಸುವಂಥ ಕೆಲವು ವಿನಾಯಿತಿಗಳಿವೆ. ಆದರೆ ವಲಸೆ ವಕೀಲರನ್ನು ಕೇಳದೆ ಅವನ್ನು ನೆಚ್ಚಬೇಡಿ, ಬಂದೂಕಿನ ಅಪರಾಧ ಗಡೀಪಾರಿಗೆ ಕಾರಣವಾಗುತ್ತದೆ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಪರವಾನಗಿ ಇರುವ ಡೀಲರ್ ಬಳಿ ಕೈಬಂದೂಕಿಗೆ 21 ವರ್ಷ ತುಂಬಿರಬೇಕು, 4473 ಸಂಖ್ಯೆಯ ಫಾರಂ ತುಂಬಬೇಕು, 1998ರಿಂದ ನಡೆಯುತ್ತಿರುವ ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ವೀಸಾದಲ್ಲಿರುವ ಗೆಳೆಯನಿಗಾಗಿ ಪೌರತ್ವವಿರುವವರು ತಮ್ಮ ಹೆಸರಿನಲ್ಲಿ ಕೊಂಡುಕೊಟ್ಟರೆ ಇಬ್ಬರೂ ಜೈಲಿಗೆ ಹೋಗುವ ಅಪರಾಧ. ಬೇರೆ ರಾಜ್ಯದಲ್ಲಿ ಇಷ್ಟವಾದದ್ದನ್ನು ಕೊಂಡರೂ ನಿಮ್ಮ ರಾಜ್ಯದ ಡೀಲರ್ ಮೂಲಕವೇ ಕೈಸೇರಬೇಕು. ಇದರ ಮೇಲೆ ರಾಜ್ಯಗಳ ಕಾನೂನು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕು, ಡೀಲರ್ ಹೊಸದಾಗಿ ಮಾರುವ ಮಾದರಿ ಸರ್ಕಾರದ ಪಟ್ಟಿಯಲ್ಲಿರಬೇಕು. ನ್ಯೂಜೆರ್ಸಿಯಲ್ಲಿ ಪ್ರತಿ ಕೈಬಂದೂಕಿಗೂ ಮುಂಚಿತವಾಗಿ ಪರವಾನಗಿ ಬೇಕು.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಹೇಳುವುದಾದರೆ, ಇಲ್ಲಿ ಪರವಾನಗಿ ಮೊದಲು, ಆಯುಧ ಆಮೇಲೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ ಹಾಕಬೇಕು. ಸಿಕ್ಕವರು ಸಾಮಾನ್ಯವಾಗಿ ಕೊಳ್ಳುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರನ್ನು. ಈ ಲೇಖನದ ಮಾದರಿಗಳು ಅವರ ಕೈಗೆ ಬರುವಂಥವಲ್ಲ. ಮಾರ್ಪಾಡಿನ ಭಾಗವನ್ನಂತೂ ಇಲ್ಲಿ ಪ್ರಯೋಗಿಸಬಾರದು. ರಿಪೇರಿ, ಪರಿವರ್ತನೆಗಳಿಗೂ ನಮ್ಮ ಕಾಯ್ದೆ ಪರವಾನಗಿ ಕೇಳುತ್ತದೆ. ನಳಿಗೆ ಮೊಟಕು ಮಾಡುವುದಕ್ಕೆಂದೇ ಪ್ರತ್ಯೇಕ ಕಲಮು ಇದೆ.

ಅಂಗಡಿಗೆ ಹೋದಾಗ ಮೊದಲು ಕೈಯ ಅಳತೆ ನೋಡಿ. ಎನ್ ಚೌಕಟ್ಟಿನಲ್ಲಿ ಹಿಡಿಯಿಂದ ಟ್ರಿಗರಿನವರೆಗಿನ ದೂರ ಜಾಸ್ತಿ. ನಳಿಗೆ ಮುಂಗೈಯ ನೇರಕ್ಕೆ ಇರುವಂತೆ ಹಿಡಿದಾಗ ತೋರುಬೆರಳಿನ ಮೊದಲ ಗಿಣ್ಣಿನ ಹತ್ತಿರದ ಭಾಗ ಟ್ರಿಗರಿನ ಮೇಲೆ ಕೂರಬೇಕು. ಬೆರಳ ತುದಿ ಮಾತ್ರ ಮುಟ್ಟುತ್ತದೆ, ಮುಟ್ಟಿಸಲು ಇಡೀ ಕೈಯನ್ನು ಪಕ್ಕಕ್ಕೆ ತಿರುಗಿಸಬೇಕು ಎಂದಾದರೆ ಒದೆತ ಹೆಬ್ಬೆರಳ ಗಿಣ್ಣಿಗೆ ಬಡಿಯುತ್ತದೆ, ಗುಂಡೂ ಗುರಿ ತಪ್ಪುತ್ತದೆ. ಸಣ್ಣ ಕೈಯವರು ಎಲ್ ಚೌಕಟ್ಟನ್ನು ತೆಗೆದುಕೊಳ್ಳುವುದೇ ಲೇಸು. ನಮ್ಮವರಲ್ಲಿ ಅನೇಕರ ಕೈ ಈ ಅಳತೆಯದೇ.

ಹೊಸದು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಹಳೆಯದರಲ್ಲಿ ಒಳ್ಳೆಯದು ಸಿಗುತ್ತದೆ, ನೋಡಿ ಕೊಳ್ಳಲು ಬರಬೇಕು. ಅಂಗಡಿಯವರ ಅನುಮತಿ ಕೇಳಿ ಸಿಲಿಂಡರ್ ತೆರೆಯಿರಿ, ಆರೂ ಮನೆಗಳು ಖಾಲಿ ಎಂದು ಕಣ್ಣಾರೆ ನೋಡಿ. ಸಿನಿಮಾದವರ ಹಾಗೆ ಕೈ ಝಾಡಿಸಿ ಸಿಲಿಂಡರ್ ಮುಚ್ಚಿದರೆ ಅದನ್ನು ಹೊತ್ತ ಕೀಲು ಬಾಗುತ್ತದೆ. ಹಾಗೆ ಮುಚ್ಚುವ ಮಾರಾಟಗಾರನ ಬಳಿ ಹಳೆಯ ರಿವಾಲ್ವರ್ ಕೊಳ್ಳಬೇಡಿ. ಈಗ ಎಡಗೈಯ ಬೆರಳೊಂದನ್ನು ಸಿಲಿಂಡರಿಗೆ ತಾಗಿಸಿ ಸ್ವಲ್ಪವೇ ತಡೆ ಕೊಡುತ್ತಾ, ಬಲ ಹೆಬ್ಬೆರಳಿನಿಂದ ಹ್ಯಾಮರನ್ನು ನಿಧಾನವಾಗಿ, ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಕೊನೆಗೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರಿನ ಕೆಳಗಿನ ಕೊಕ್ಕೆ ಹೊರಮೈಯ ಗುಳಿಯೊಳಗೆ ‘ಟಿಕ್’ ಎಂದು ಬಿದ್ದಿರಬೇಕು. ಬೀಳದೆ ಸಿಲಿಂಡರ್ ಇನ್ನೂ ಅಲುಗುತ್ತಿದ್ದರೆ, ತೋಟಾ ನಳಿಗೆಗೆ ನೇರವಾಗಿ ಬಂದಿಲ್ಲ ಎಂದರ್ಥ. ಆರೂ ಮನೆಗೂ ಹೀಗೇ ನೋಡಿ. ಒಂದು ಮನೆ ತಪ್ಪಿದರೂ ಬೆಲೆ ಇಳಿಸಲು ಕೇಳಬಹುದು, ಎರಡು ಮೂರು ತಪ್ಪಿದರೆ ಕೆಳಗಿಟ್ಟು ಬನ್ನಿ.

ಹ್ಯಾಮರ್ ಹಿಂದಿರುವಾಗ ಅದನ್ನು ಹೆಬ್ಬೆರಳಿನಿಂದ ಮುಂದಕ್ಕೆ ಮೆಲ್ಲಗೆ ತಳ್ಳಿ ನೋಡಿ. ಜಾರಿ ಬಿತ್ತೋ, ಒಳಗೆ ಯಾರೋ ಅರ ಹಾಕಿ ಕೆಡಿಸಿದ್ದಾರೆ. ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿ; ಕೈಗೆ ತಿಳಿಯುವಷ್ಟು ಆಟವಿದ್ದರೆ ಸವೆತ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಫೀಲರ್ ಗೇಜ್ ತುರುಕಿ ಅಳೆಯಬೇಕು. 0.15 ಮಿಲಿಮೀಟರ್ ಚೆನ್ನ, 0.25 ದಾಟಿದರೆ ಬಿಸಿ ಅನಿಲವೂ ಸೀಸದ ಚೂರೂ ಪಕ್ಕಕ್ಕೆ ಸಿಡಿಯುತ್ತವೆ. ಸಿಲಿಂಡರ್ ತೆರೆದು, ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ನಳಿಗೆಯ ಒಳಗೆ ಇಣುಕಿ. ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಕಡೆಗೆ ಪಕ್ಕದ ಮುಚ್ಚಳದ ಸ್ಕ್ರೂಗಳ ತಲೆ ನೋಡಿ. ಸೀಳು ಕಿತ್ತುಹೋಗಿದ್ದರೆ ಮನೆಯಲ್ಲಿದ್ದ ಯಾವುದೋ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿದ್ದಾರೆ, ಒಳಗೇನು ಮಾಡಿದ್ದಾರೋ ದೇವರಿಗೇ ಗೊತ್ತು. ಹೊಳಪಿಗೆ ಮಾತ್ರ ಹೆಚ್ಚು ಕೊಡಬೇಡಿ. 1954ರಲ್ಲಿ ಬಂದ ‘ಹೈವೇ ಪ್ಯಾಟ್ರೋಲ್‌ಮನ್’ ಮಾದರಿಗೂ ಸ್ಮಿತ್ ಅಂಡ್ ವೆಸನ್‌ನ ದುಬಾರಿ .357ಕ್ಕೂ ಒಳಗಿನ ಯಂತ್ರ ಒಂದೇ. ಪಾಲಿಶ್ ಕಡಿಮೆ ಮಾಡಿ ಅಗ್ಗಕ್ಕೆ ಕೊಟ್ಟಿದ್ದರು.

2001ರ ಸುಮಾರಿನಿಂದ ಈ ಕಂಪನಿಯ ರಿವಾಲ್ವರುಗಳ ಪಕ್ಕದಲ್ಲಿ ಬೀಗದ ಕೈಯ ಸಣ್ಣ ತೂತು ಬಂತು. ಹಳೆಯ ಅಭಿಮಾನಿಗಳಿಗೆ ಅದು ಇಷ್ಟವಿಲ್ಲ, ಈಚೆಗೆ ಕೆಲವು ಮಾದರಿಗಳನ್ನು ಬೀಗವಿಲ್ಲದೆಯೂ ಮಾರುತ್ತಿದ್ದಾರೆ. ಬೀಗವಿರುವುದನ್ನು ಕೊಂಡರೆ ಹಾಗೇ ಬಿಡಿ. ಕಿತ್ತ ಸುರಕ್ಷತಾ ಭಾಗ ನಾಳೆ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧದ ಪ್ರಶ್ನೆಯಾಗುತ್ತದೆ.

ಮಾರ್ಪಾಡು ಹೊಸ ಹುಚ್ಚಲ್ಲ. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಕಂಪನಿಯೇ 3.5ರಿಂದ 8.75 ಇಂಚಿನವರೆಗೆ ಕಾಲು ಕಾಲು ಇಂಚಿನ ಅಂತರದಲ್ಲಿ ಬೇಕಾದ ನಳಿಗೆ, ಬೇಕಾದ ಸೈಟ್ ಹಾಕಿ, ಪ್ರಮಾಣಪತ್ರ ಸಹಿತ ಒಬ್ಬೊಬ್ಬರಿಗೂ ಮಾಡಿಕೊಡುತ್ತಿತ್ತು. ಬೆಲೆ 60 ಡಾಲರ್. ಮೊದಲನೆಯದು ಹೋದದ್ದು ಎಫ್‌ಬಿಐನ ಎಡ್ಗರ್ ಹೂವರ್ ಕೈಗೆ, 3.5 ಇಂಚಿನದೊಂದಕ್ಕೆ ದಂತದ ಹಿಡಿ ಹಾಕಿಸಿಕೊಂಡು ತಿರುಗಿದವರು ಜನರಲ್ ಪ್ಯಾಟನ್.

ದಂತದ ಹಿಡಿ ನೋಡಲು ಚೆಂದ, ಒದೆಯುವಾಗ ಜಾರುತ್ತದೆ. ಮೊದಲ ಖರ್ಚು ಹಿಡಿಗೇ ಆಗಲಿ, ಆದರೆ ನೋಟಕ್ಕಲ್ಲ. ಹೋಗ್, ಪ್ಯಾಕ್‌ಮೇರ್‌ನವರ ರಬ್ಬರ್ ಹಿಡಿಗಳು ಅಗ್ಗಕ್ಕೆ ಸಿಗುತ್ತವೆ, ಬದಲಾಯಿಸಲು ಒಂದು ಸ್ಕ್ರೂ ಸಾಕು. ಹಿಂಬದಿಯ ಉಕ್ಕನ್ನೂ ಮುಚ್ಚುವ ಹಿಡಿ ಒದೆತವನ್ನು ಮೆದುವಾಗಿಸುತ್ತದೆ, ಆದರೆ ಟ್ರಿಗರಿನ ದೂರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸಣ್ಣ ಕೈಗೆ ಹಿಂಬದಿ ತೆರೆದಿರುವ ತೆಳು ಹಿಡಿ ಬೇಕು.

ಎರಡನೆಯ ಖರ್ಚು ಮುಂದಿನ ಸೈಟಿಗೆ. ಕಾರ್ಖಾನೆಯಿಂದ ಬರುವ ಕಪ್ಪು ಅಥವಾ ಮಂಕು ಕೆಂಪಿನ ಸೈಟ್ ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಹಗಲಿಗೆ ಫೈಬರ್ ಎಳೆಯದು, ಕತ್ತಲಿಗೆ ತಾನೇ ಮಿನುಗುವ ಟ್ರಿಟಿಯಂನದು ಹಾಕಿಸಬಹುದು. ಹೊಸ ಸೈಟ್ ಬಂದ ಮೇಲೆ ಗುರಿ ಮತ್ತೆ ಸರಿಮಾಡಬೇಕು. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆ ಸರಿಸಿ. ತೋಟಾ ಬದಲಾಯಿಸಿದರೆ ಇದನ್ನು ಇನ್ನೊಮ್ಮೆ ಮಾಡಬೇಕು. ಭಾರವಾದ ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಒದೆತಕ್ಕೆ ನಳಿಗೆ ಮೇಲೆದ್ದಿರುತ್ತದೆ. ಹಾಗಾಗಿ ಮೆದು ತೋಟಾ ಕೆಳಗೆ ಬೀಳುವ ಬದಲು ಮೇಲೆ ಬಡಿಯುವುದುಂಟು.

ಮೂರನೆಯದು ಟ್ರಿಗರ್. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಹ್ಯಾಮರ್ ಎಳೆಯದೆ ಟ್ರಿಗರನ್ನೇ ಎಳೆದು ಹೊಡೆಯಲು ಕಾರ್ಖಾನೆಯ ರಿವಾಲ್ವರಿನಲ್ಲಿ ಐದೂವರೆ ಕಿಲೋ ಆಸುಪಾಸಿನ ಬಲ ಬೇಕು. ಒಳಗೆ ಕೆಲಸ ಮಾಡುವುದು ಎರಡು ಸ್ಪ್ರಿಂಗ್. ಹಿಡಿಯೊಳಗೆ ನಿಂತಿರುವ ಚಪ್ಪಟೆ ಪಟ್ಟಿ ಹ್ಯಾಮರಿಗೆ ಬಲ ಕೊಡುತ್ತದೆ, ಸುರುಳಿಯದು ಟ್ರಿಗರನ್ನು ಮುಂದಕ್ಕೆ ಮರಳಿಸುತ್ತದೆ. ಚಪ್ಪಟೆ ಪಟ್ಟಿಯ ಬಿಗಿಯನ್ನು ಹಿಡಿಯ ಮುಂಭಾಗದ ಕೆಳಗಿನ ಸ್ಕ್ರೂ ಹಿಡಿದಿಟ್ಟಿರುತ್ತದೆ. ಅದನ್ನು ಅರ್ಧ ಸುತ್ತು ಸಡಿಲಿಸಿ ಟ್ರಿಗರ್ ಹಗುರವಾಯಿತೆಂದು ಹಿಗ್ಗುವವರಿದ್ದಾರೆ. ಆದರೆ ಹ್ಯಾಮರಿನ ಪೆಟ್ಟು ದುರ್ಬಲವಾಗಿ, ತೋಟಾ ಸಿಡಿಯದೆ ‘ಕ್ಲಿಕ್’ ಎನ್ನುತ್ತದೆ. ಆ ಸ್ಕ್ರೂ ಪೂರ್ತಿ ಬಿಗಿಯಾಗಿರಬೇಕು. ಸ್ಪರ್ಧಿಗಳು ಟ್ರಿಗರನ್ನು ಮೂರು ಕಿಲೋಗೂ ಕೆಳಗೆ ಇಳಿಸುತ್ತಾರೆ, ಆದರೆ ಅವರು ಮೆದು ಪ್ರೈಮರಿನ ತೋಟಾ ಆರಿಸಿಕೊಂಡು ಹೊಡೆಯುತ್ತಾರೆ. ರಕ್ಷಣೆಯ ರಿವಾಲ್ವರ್ ಯಾವ ಕಂಪನಿಯ ತೋಟಾವನ್ನೂ ಸಿಡಿಸಬೇಕು. ನಾಲ್ಕೂವರೆ ಕಿಲೋ ಸಾಕು.

ಈ ಕೆಲಸಕ್ಕೆ ಗನ್‌ಸ್ಮಿತ್ ಬಳಿ ಹೋಗಿ. ಅವರು ಮುಚ್ಚಳ ತೆಗೆಯುವ ರೀತಿಯೇ ಕೈಚಳಕ ಹೇಳುತ್ತದೆ. ಸೀಳಿಗೆ ಸರಿಯಾಗಿ ಕೂರುವ ತುದಿಯಿಂದ ಸ್ಕ್ರೂ ಬಿಚ್ಚಿ, ಚೌಕಟ್ಟನ್ನು ಅಂಗೈಯಲ್ಲಿ ಮಲಗಿಸಿ, ಸುತ್ತಿಗೆಯ ಮರದ ಹಿಡಿಯಿಂದ ಹಿಡಿಭಾಗದ ಉಕ್ಕಿಗೆ ಟಕ್ ಟಕ್ ಎಂದು ತಟ್ಟುತ್ತಾರೆ. ಕಂಪನಕ್ಕೆ ಮುಚ್ಚಳ ತಾನಾಗಿ ಮೇಲೇಳುತ್ತದೆ. ಮೀಟಿ ಎಬ್ಬಿಸಿದರೆ ಅಂಚು ಬಾಗಿ ಮತ್ತೆಂದೂ ಸಂದಿಲ್ಲದೆ ಕೂರುವುದಿಲ್ಲ. ಒಳಗೆ ಉಜ್ಜುವ ಮೈಗಳಿಗೆ ನುಣುಪು ಕೊಡುತ್ತಾರೆಯೇ ಹೊರತು ಲೋಹ ತೆಗೆಯುವುದಿಲ್ಲ. ಹಳೆಯ ಹ್ಯಾಮರ್, ಟ್ರಿಗರುಗಳ ಗಟ್ಟಿ ಪದರ ಬಹಳ ತೆಳು, ಅದು ಸವೆದರೆ ಭಾಗವೇ ಹಾಳು. ಸುರುಳಿ ಸ್ಪ್ರಿಂಗನ್ನು ತೀರಾ ಮೆದುವಾಗಿಸಿದರೂ ತೊಂದರೆ, ಟ್ರಿಗರ್ ಪೂರ್ತಿ ಮರಳುವ ಮೊದಲೇ ಬೆರಳು ಮತ್ತೆ ಎಳೆದಿರುತ್ತದೆ. ಹ್ಯಾಮರ್ ಎಳೆದಿಟ್ಟು ಹೊಡೆಯುವಾಗಿನ ಹಗುರ ಟ್ರಿಗರ್ ಭಯದಲ್ಲಿರುವ ಬೆರಳಿಗೆ ಅಪಾಯಕಾರಿ ಎಂದು ಆತ್ಮರಕ್ಷಣೆಯ ತರಬೇತುದಾರ ಮಸಾದ್ ಅಯೂಬ್ ದಶಕಗಳಿಂದ ಬರೆಯುತ್ತಿದ್ದಾರೆ. ಹ್ಯಾಮರಿನ ಬಾಲ ಕತ್ತರಿಸಿ, ಟ್ರಿಗರ್ ಎಳೆದಷ್ಟೇ ಹೊಡೆಯುವಂತೆ ಮಾಡಿಸುವುದು ನನಗೂ ಒಪ್ಪಿಗೆ.

ಸಿಲಿಂಡರ್ ಮನೆಗಳ ಬಾಯಂಚನ್ನು ಕೊಂಚ ಇಳಿಜಾರಾಗಿಸಿದರೆ ತೋಟಾ ಸಲೀಸಾಗಿ ಒಳಗಿಳಿಯುತ್ತದೆ. ಉಳಿದ ಕೆತ್ತನೆ, ಬಣ್ಣ, ದೂರದರ್ಶಕ ಎಲ್ಲ ಅವರವರ ಇಷ್ಟ.

ಕೆಲಸ ಮುಗಿದ ಮೇಲೆ ಮನೆಯಲ್ಲಿ ತುಂಬಿಡುವ ಅದೇ ತೋಟಾವನ್ನು ರೇಂಜಿನಲ್ಲಿ ಹೊಡೆದು ನೋಡಿ. ಐದು ಹೊಡೆದು, ಆರನೆಯದನ್ನು ಹೊರತೆಗೆದು ಹೊಸದರ ಪಕ್ಕ ಇಡಿ. ಒದೆತದ ಜಗ್ಗಾಟಕ್ಕೆ ಅದರ ಗುಂಡು ಮುಂದೆ ಸರಿದು ಉದ್ದವಾಗಿದ್ದರೆ ಆ ತೋಟಾ ಬೇಡ, ಸಿಲಿಂಡರೇ ಸಿಕ್ಕಿಕೊಳ್ಳುತ್ತದೆ. ಸ್ಪೆಷಲ್ ಹೊಡೆದಾದ ಮೇಲೆ ಮನೆಗಳಲ್ಲಿ ಉಳಿದ ಮಸಿಯ ಉಂಗುರವನ್ನು ಬ್ರಷ್‌ನಿಂದ ಉಜ್ಜದಿದ್ದರೆ ಉದ್ದದ ಮ್ಯಾಗ್ನಮ್ ಒಳಗೆ ಹೋಗಲು ತಡೆಯುತ್ತದೆ. ಖಾಲಿ ಚಿಪ್ಪು ಹೊರಹಾಕುವಾಗ ನಳಿಗೆ ಆಕಾಶ ನೋಡುವಂತೆ ಹಿಡಿದು ಕಡ್ಡಿಯನ್ನು ಒಂದೇ ಏಟಿಗೆ ಒತ್ತಿ. ಇಲ್ಲವಾದರೆ ಸುಡದ ಮದ್ದಿನ ಕಾಳು ಚಿಪ್ಪನ್ನು ಎತ್ತುವ ನಕ್ಷತ್ರಾಕಾರದ ಭಾಗದ ಕೆಳಗೆ ಸೇರಿ ಸಿಲಿಂಡರ್ ಮುಚ್ಚಲು ಬಿಡುವುದಿಲ್ಲ.

ಕೊಳ್ಳುವ ದಿನವೇ, ಅದೇ ಬಿಲ್ಲಿನಲ್ಲಿ, ಉಕ್ಕಿನ ಬೀಗದ ಪೆಟ್ಟಿಗೆಯೂ ಇರಲಿ. ಮೆತ್ತೆಯ ಕೆಳಗೆ, ಬಟ್ಟೆಯ ಅಲಮಾರಿನಲ್ಲಿ ಇಟ್ಟದ್ದು ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ದೂರದ ಊರಿನಲ್ಲಿ, ಕೆಲಸದ ಚಿಂತೆಯಲ್ಲೋ ಒಂಟಿತನದಲ್ಲೋ ಮನೆಯವರೊಬ್ಬರು ಕುಗ್ಗಿರುವುದು ಕಂಡರೆ ದಯವಿಟ್ಟು ಆಯುಧವನ್ನು ಆ ಮನೆಯಿಂದ ಹೊರಗೆ ಸಾಗಿಸಿ. ಕೆಲವು ಡೀಲರುಗಳು, ರೇಂಜಿನವರು ಅಂಥ ಹೊತ್ತಿನಲ್ಲಿ ಇಟ್ಟುಕೊಳ್ಳುತ್ತಾರೆ, ನಿಮ್ಮ ರಾಜ್ಯದ ನಿಯಮವನ್ನು ಅವರನ್ನೇ ಕೇಳಿ. ಮಾತನಾಡಲು ಯಾರಾದರೂ ಬೇಕಾದರೆ 988ಕ್ಕೆ ಕರೆ ಮಾಡಬಹುದು. ಅಮೆರಿಕದಾದ್ಯಂತ ಹಗಲೂ ರಾತ್ರಿ ಆ ಸಂಖ್ಯೆ ತೆರೆದಿರುತ್ತದೆ.